ಓದುಗರ ಪ್ರಶ್ನೆ, ನಮ್ಮ ಉತ್ತರ: ಊರು ಎಷ್ಟು ದೊಡ್ಡದು?

ಮುಂದಿನ ಜನಗಣತಿಯ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದದ್ದೇ ತಡ, ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ಪತ್ರಗಳ ಕಟ್ಟೇ ಬಂದಿದೆ. ಬರೆದವರಲ್ಲಿ ಹೆಚ್ಚಿನವರು ಕೇಳಿರುವುದು ದೊಡ್ಡ ನಗರಗಳನ್ನು ಕುರಿತಲ್ಲ. ವಾರಕ್ಕೊಮ್ಮೆ ಸಂತೆ ಕೂಡುವ, ಒಂದು ಪ್ರೌಢಶಾಲೆಯೂ ಒಂದು ಸೊಸೈಟಿಯೂ ಇರುವ, ಬಸ್ಸು ನಿಂತರೂ ಬಸ್ ನಿಲ್ದಾಣವಿಲ್ಲದ ಸಣ್ಣ ಊರುಗಳನ್ನು ಕುರಿತೇ ಅವರ ಪ್ರಶ್ನೆಗಳಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮೂರಿನ ಅಗಸಿಯ ಬಳಿಯ ಫಲಕದಲ್ಲಿ ಒಂದು ಜನಸಂಖ್ಯೆ ಇದೆ, ಪಂಚಾಯಿತಿಯ ಗೋಡೆಯ ಮೇಲೆ ಅದರ ಎರಡರಷ್ಟು ಇದೆ, ಜನಗಣತಿಯ ಪುಸ್ತಕದಲ್ಲಿ ಮೂರನೆಯದೇ ಒಂದು ಇದೆ. ಮಕ್ಕಳಿಗೆ ಯಾವುದನ್ನು ಬರೆಸಬೇಕು?
– ಪ್ರಾಥಮಿಕ ಶಾಲೆಯ ಶಿಕ್ಷಕರು, ಚಿಂಚೋಳಿ ತಾಲ್ಲೂಕು

ಗುರುಗಳೇ, ಮೂರೂ ಸರಿಯಿರಬಹುದು. ಅವು ಮೂರು ಬೇರೆ ಬೇರೆ ಊರುಗಳ ಲೆಕ್ಕ, ಹೆಸರು ಮಾತ್ರ ಒಂದೇ.

ಜನಗಣತಿಯ ಪುಸ್ತಕದಲ್ಲಿ ಗ್ರಾಮೀಣ ಭಾಗದ ಒಂದೊಂದು ಸಾಲೂ ಒಂದೊಂದು ಕಂದಾಯ ಗ್ರಾಮಕ್ಕೆ ಸೇರಿದ್ದು. ಕಂದಾಯ ಗ್ರಾಮವೆಂದರೆ ಸರ್ವೆ ನಕಾಶೆಯಲ್ಲಿ ಗಡಿಕಲ್ಲಿನಿಂದ ಗಡಿಕಲ್ಲಿಗೆ ಎಳೆದ ಗೆರೆಯೊಳಗಿನ ಮನೆ, ಹೊಲ, ಹಳ್ಳ, ಗಾಯರಾಣ, ಸ್ಮಶಾನ ಎಲ್ಲವೂ ಸೇರಿದ ಊರು. ಪಂಚಾಯಿತಿಯ ಗೋಡೆಯ ಮೇಲಿರುವ ಅಂಕಿಯು ಗ್ರಾಮ ಪಂಚಾಯಿತಿಯದು. 1993ರ ಪಂಚಾಯತ್ ರಾಜ್ ಅಧಿನಿಯಮವು ಸಾಮಾನ್ಯವಾಗಿ 5,000ದಿಂದ 7,000 ಜನಸಂಖ್ಯೆಗೆ ಒಂದು ಗ್ರಾಮ ಪಂಚಾಯಿತಿ, 400 ಜನರಿಗೆ ಒಬ್ಬ ಸದಸ್ಯ ಎಂಬ ಅಳತೆಯನ್ನು ಇಟ್ಟುಕೊಂಡಿದ್ದರಿಂದ, ಆ ಅಳತೆ ತುಂಬಲು ಅಕ್ಕಪಕ್ಕದ ಎರಡು ಮೂರು ಹಳ್ಳಿಗಳನ್ನು ಕೂಡಿಸಿ ದೊಡ್ಡ ಊರಿನ ಹೆಸರನ್ನು ಇಡುತ್ತಾರೆ. ಅಗಸಿಯ ಬಳಿಯ ಫಲಕವು ಬಹುಮಟ್ಟಿಗೆ ನಾವು ಬಾಯಿಮಾತಿನಲ್ಲಿ ಊರು ಎನ್ನುವ ಊರಿನದು, ಅಂದರೆ ಗಾವಠಾಣದೊಳಗಿನ (ಮನೆಗಳಿಗೆಂದು ಬಿಟ್ಟ ನೆಲದೊಳಗಿನ) ಓಣಿಗಳು ಮತ್ತು ರಸ್ತೆಯ ಬದಿಯ ಹೊಸ ಪ್ಲಾಟುಗಳದು. ಅದನ್ನು ಯಾವ ವರ್ಷ ಬರೆದರು ಎಂಬುದನ್ನು ಫಲಕ ಬರೆದವನೂ ಮರೆತಿರುತ್ತಾನೆ.

ನಮ್ಮ ಭಾಗದಲ್ಲಿ ಈ ಗೊಂದಲಕ್ಕೆ ಇನ್ನೂ ಎರಡು ಕಾರಣಗಳು ಸೇರಿಕೊಂಡಿವೆ. ಮೊದಲನೆಯದು ತಾಂಡಾಗಳು, ಅಂದರೆ ಲಂಬಾಣಿ ಜನರ ವಸತಿಗಳು. ಊರಿನಿಂದ ಎರಡು ಮೂರು ಕಿಲೋಮೀಟರ್ ದೂರದಲ್ಲಿ, ಬೇರೆ ಬಾವಿ, ಬೇರೆ ಗುಡಿ, ಬೇರೆ ಮಾತಿನೊಂದಿಗೆ ಬಾಳುವ ತಾಂಡಾದ ಜನರನ್ನು ದಶಕಗಳ ಕಾಲ ಮೂಲ ಗ್ರಾಮದ ಲೆಕ್ಕದಲ್ಲಿಯೇ ಎಣಿಸಿದ್ದಾರೆ. ಈಚಿನ ವರ್ಷಗಳಲ್ಲಿ ಇಂಥ ತಾಂಡಾಗಳನ್ನೂ ಹಟ್ಟಿಗಳನ್ನೂ ಪ್ರತ್ಯೇಕ ಕಂದಾಯ ಗ್ರಾಮಗಳನ್ನಾಗಿ ಮಾಡುವ ಕೆಲಸ ನಡೆದಿದೆ. 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್ ಮತ್ತು ವಿಜಯಪುರ ಜಿಲ್ಲೆಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಗೆ ಚಾಲನೆ ದೊರೆತದ್ದು ಈ ಕೆಲಸದ ಭಾಗವಾಗಿಯೇ. (ಕಾಗಿಣಾ ದಂಡೆಯ ಆ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಊರಿನ ಗಾತ್ರ ಕಾಲದೊಂದಿಗೆ ಎಷ್ಟು ಬದಲಾಗಬಲ್ಲದೆಂದು ಮಕ್ಕಳಿಗೆ ತೋರಿಸಲು ಇಷ್ಟು ಸಮೀಪದ ಉದಾಹರಣೆ ನಿಮಗೆ ಬೇರೆ ಸಿಗಲಿಕ್ಕಿಲ್ಲ.) ತಾಂಡಾ ಬೇರೆ ಗ್ರಾಮವಾದರೆ ಮುಂದಿನ ಗಣತಿಯಲ್ಲಿ ಮೂಲ ಗ್ರಾಮದ ಅಂಕಿ ಇಳಿಯುತ್ತದೆ. ಯಾರೂ ಊರು ಬಿಟ್ಟು ಹೋಗಿರುವುದಿಲ್ಲ, ಗೆರೆ ಸರಿದಿರುತ್ತದೆ ಅಷ್ಟೆ.

ಎರಡನೆಯದು ಇದರ ತದ್ವಿರುದ್ಧ. ನಿಮ್ಮ ತಾಲ್ಲೂಕಿನ ಪಟ್ಟಿಯನ್ನು ಬಿಡಿಸಿ ನೋಡಿದರೆ ಕೆಲವು ಗ್ರಾಮಗಳ ಮುಂದೆ ವಿಸ್ತೀರ್ಣ ಇರುತ್ತದೆ, ಜನಸಂಖ್ಯೆಯ ಜಾಗದಲ್ಲಿ ಸೊನ್ನೆ ಇರುತ್ತದೆ. ಇವುಗಳಿಗೆ ಕಂದಾಯ ಇಲಾಖೆಯಲ್ಲಿ ಬೇಚಿರಾಕ್ ಗ್ರಾಮ ಎನ್ನುತ್ತಾರೆ. ಇದು ಫಾರ್ಸಿಯಿಂದ ಬಂದ ಮಾತು, ‘ದೀಪವಿಲ್ಲದ್ದು’ ಎಂದು ಅರ್ಥ. ಪಿಡುಗೋ ಬರವೋ ಬಾವಿ ಬತ್ತಿದ್ದೋ, ಯಾವುದೋ ಒಂದು ಕಾರಣದಿಂದ ಜನ ಎದ್ದು ಹೋದರು. ಹೊಲಗಳ ಸರ್ವೆ ನಂಬರುಗಳು ಮಾತ್ರ ಹಳೆಯ ಊರಿನ ಹೆಸರಿನಲ್ಲಿಯೇ ಉಳಿದವು. ಉತ್ತಿ ಬಿತ್ತುವವರು ಪಕ್ಕದ ಊರಿನಲ್ಲಿರುತ್ತಾರೆ. ಇಲಾಖೆಯ ಭಾಷೆಯಲ್ಲಿ ಇಷ್ಟು ಚೆಂದದ ಪದ ನನಗೆ ಬೇರೆ ಕಂಡಿಲ್ಲ.

ಗೆರೆ ಸರಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. 2001ರಲ್ಲಿ ಗುಲ್ಬರ್ಗಾ ಜಿಲ್ಲೆಯ ಜನಸಂಖ್ಯೆ 31,30,922 ಇತ್ತು, 2011ರಲ್ಲಿ 25,66,326 ಎಂದಾಯಿತು. ಇವೆರಡನ್ನೇ ಇಟ್ಟುಕೊಂಡು, ಹತ್ತು ವರ್ಷಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಜನ ಕಡಿಮೆಯಾದರೆಂದು ಒಬ್ಬ ವಿದ್ಯಾರ್ಥಿ ಪ್ರಬಂಧ ಬರೆದದ್ದನ್ನು ನಾನೇ ತಿದ್ದಿದ್ದೇನೆ. ನಡುವೆ, 2010ರಲ್ಲಿ, ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗಿತ್ತು. 2001ರ ಅಂಕಿಯನ್ನೂ ಹೊಸ ಗಡಿಗೆ ತಕ್ಕಂತೆ ಒಡೆದರೆ ಇಂದಿನ ಕಲಬುರಗಿಗೆ 21,74,742, ಯಾದಗಿರಿಗೆ 9,56,180 ಬರುತ್ತದೆ. 2011ರಲ್ಲಿ ಯಾದಗಿರಿಯಲ್ಲಿದ್ದವರು 11,74,271 ಮಂದಿ. ಹೀಗೆ ನೋಡಿದಾಗ ಕಲಬುರಗಿ ಶೇ 18ರಷ್ಟು, ಯಾದಗಿರಿ ಶೇ 22.8ರಷ್ಟು ಬೆಳೆದಿರುವುದು ಕಾಣುತ್ತದೆ. ತಾಲ್ಲೂಕುಗಳಿಗೂ ಇದೇ ಮಾತು ಸಲ್ಲುತ್ತದೆ. ಜೇವರ್ಗಿಯಿಂದ ಯಡ್ರಾಮಿ, ಚಿತ್ತಾಪುರದಿಂದ ಶಹಾಬಾದ್, ಸುರಪುರದಿಂದ ಹುಣಸಗಿ, ಔರಾದಿನಿಂದ ಕಮಲನಗರ ಬೇರೆಯಾದದ್ದು 2011ರ ನಂತರ. ಆದ್ದರಿಂದ ಹಳೆಯ ಪುಸ್ತಕದ ಜೇವರ್ಗಿ ಮತ್ತು ಇಂದಿನ ಜೇವರ್ಗಿ ಒಂದೇ ಅಲ್ಲ.

ಮಕ್ಕಳಿಗೆ ಅಂಕಿಯೊಂದನ್ನೇ ಬರೆಸಬೇಡಿ. ‘ಕಂದಾಯ ಗ್ರಾಮ, 2011’ ಎಂದೋ ‘ಗ್ರಾಮ ಪಂಚಾಯಿತಿ, 2011’ ಎಂದೋ ಪಕ್ಕದಲ್ಲಿ ಸೇರಿಸಿ ಬರೆಸಿ.

ಪ್ರಶ್ನೆ: ನನ್ನ ಮಗ ಅಮೆರಿಕದ ಮಿಷಿಗನ್ ರಾಜ್ಯದ ಒಂದು ‘ಟೌನ್‌ಶಿಪ್’ನಲ್ಲಿ ಮನೆ ಮಾಡಿದ್ದಾನೆ. ಸುತ್ತ ಹೊಲಗಳೇ ಇವೆಯಂತೆ. ಅದರ ವಿಸ್ತೀರ್ಣ 36 ಚದರ ಮೈಲಿ ಎನ್ನುತ್ತಾನೆ. ನಮ್ಮಲ್ಲಿ ಟೌನ್‌ಶಿಪ್ ಎಂದರೆ ಕಾರ್ಖಾನೆಯ ಕ್ವಾರ್ಟರ್ಸ್ ಅಲ್ಲವೇ? ಅದು ನಮ್ಮ ಹೋಬಳಿಯಂತೆಯೇ?
– ಗೃಹಿಣಿ, ಬೀದರ್

ಅಕ್ಕನವರೇ, ನಿಮ್ಮ ಅನುಮಾನ ಸಹಜವಾದದ್ದು. ವಾಡಿಯಲ್ಲಿಯೋ ಶಹಾಬಾದಿನಲ್ಲಿಯೋ ಟೌನ್‌ಶಿಪ್ ಎಂದರೆ ಕಾರ್ಖಾನೆಯ ಸಾಲುಮನೆಗಳು, ಕಲಬುರಗಿಯ ಹೊರವಲಯದಲ್ಲಿ ಅದೇ ಮಾತಿಗೆ ಕಮಾನು ಕಟ್ಟಿದ ಲೇಔಟು ಎಂದು ಅರ್ಥ. ಮಿಷಿಗನ್ನಿನದು ಬೇರೆಯೇ ಕಥೆ. 1785ರಲ್ಲಿ ಅಲ್ಲಿನ ಸರ್ಕಾರವು ಪಶ್ಚಿಮದ ಭೂಮಿಯನ್ನು ಮಾರುವುದಕ್ಕಾಗಿ ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಗಳಾಗಿ ಅಳೆಯಿಸಲು ತೊಡಗಿತು. ಒಂದು ಚೌಕ 36 ಚದರ ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು 93 ಚದರ ಕಿಲೋಮೀಟರ್ ಅಥವಾ 23,040 ಎಕರೆ. ಪ್ರತಿ ಚೌಕದೊಳಗೆ 640 ಎಕರೆಯ 36 ತುಂಡುಗಳು. ಮೂಲನಿವಾಸಿಗಳು ಬಾಳುತ್ತಿದ್ದ ನೆಲದ ಮೇಲೆ, ಅವರ ದಾರಿಯನ್ನಾಗಲಿ ನದಿಯ ತಿರುವನ್ನಾಗಲಿ ಲೆಕ್ಕಿಸದೆ, ಕಾಗದದ ಮೇಲೆ ಮೊದಲು ಗೆರೆ ಬಿತ್ತು, ಹೊಸ ಒಕ್ಕಲುಗಳು ಆಮೇಲೆ ಬಂದರು. ನಿಮ್ಮ ಮಗನ ಊರಿನ ರಸ್ತೆಗಳು ಅಡ್ಡಡ್ಡ, ಉದ್ದುದ್ದ ನೇರವಾಗಿರುವುದಕ್ಕೆ ಇದೇ ಕಾರಣ.

ನಮ್ಮಲ್ಲಿ ಊರು ಮೊದಲು, ಗೆರೆ ಆಮೇಲೆ. ನಿಜಾಮರ ಕಾಲದ ಸರ್ವೆಯವರು ಬಂದಾಗ ಹಳ್ಳವೇ ಗಡಿ, ಬದುವೇ ಗಡಿ, ಹುಣಸೆಮರವೇ ಗಡಿ ಆಗಿತ್ತು. ಅವರು ಅದನ್ನೇ ನಕಾಶೆಗೆ ಇಳಿಸಿದರು. ಬೀದರ್ ಜಿಲ್ಲೆಯ ಯಾವುದೇ ಗ್ರಾಮದ ನಕಾಶೆಯನ್ನು ತೆಗೆದು ನೋಡಿ, ಹರಿದ ರೊಟ್ಟಿಯ ಅಂಚಿನಂತೆ ಕಾಣುತ್ತದೆ. ಹೋಬಳಿಯು ಇಂಥ ಹತ್ತಾರು ಗ್ರಾಮಗಳನ್ನು ಕೂಡಿಸಿದ ಕಂದಾಯ ವಿಭಾಗ. ಅದಕ್ಕೆ ನಾಡಕಚೇರಿ ಇದೆ, ನಮ್ಮ ಹಿರಿಯರು ಇಂದಿಗೂ ಗಿರ್ದಾವರ್ ಎನ್ನುವ ಕಂದಾಯ ನಿರೀಕ್ಷಕರಿದ್ದಾರೆ, ಆದರೆ ಚುನಾಯಿತ ಸಭೆ ಇಲ್ಲ. ಮಿಷಿಗನ್ನಿನ ಟೌನ್‌ಶಿಪ್ಪಿನ ಸೂಪರ್‌ವೈಸರ್, ಕ್ಲರ್ಕ್ ಮತ್ತು ಖಜಾಂಚಿಯನ್ನು ಜನರೇ ಮತ ಹಾಕಿ ಆರಿಸುತ್ತಾರೆ. ಆ ಲೆಕ್ಕದಲ್ಲಿ ಅದು ಹೋಬಳಿಗಿಂತ ಗ್ರಾಮ ಪಂಚಾಯಿತಿಗೆ ಹತ್ತಿರ.

ಅಂಕಿಗಳನ್ನು ಹೋಲಿಸುವಾಗ ಒಂದು ಎಚ್ಚರಿಕೆ ಬೇಕು. ಅಮೆರಿಕದ ಗಣತಿಯು ನೆಲವನ್ನೂ ನೀರನ್ನೂ ಬೇರೆ ಬೇರೆ ಬರೆದು, ಜನಸಾಂದ್ರತೆಯನ್ನು ನೆಲಕ್ಕೆ ಮಾತ್ರ ಲೆಕ್ಕ ಹಾಕುತ್ತದೆ. ನಮ್ಮಲ್ಲಿ ಕೆರೆ, ಜಲಾಶಯ, ಬಂಡೆ, ಎಲ್ಲವೂ ಸೇರಿದ ಒಟ್ಟು ವಿಸ್ತೀರ್ಣಕ್ಕೆ ಭಾಗಿಸುತ್ತಾರೆ. ಕಾರಂಜಾ ಜಲಾಶಯದ ಹಿನ್ನೀರು ಆವರಿಸಿದ ಒಂದು ಗ್ರಾಮದ ಸಾಂದ್ರತೆಯು ಈ ಕಾರಣಕ್ಕೆ, ಜನ ಎಷ್ಟೇ ಒತ್ತಾಗಿ ಬಾಳುತ್ತಿದ್ದರೂ, ಕಡಿಮೆಯೆಂದು ಕಾಣಬಹುದು.

ಪ್ರಶ್ನೆ: ನಮ್ಮೂರಿನಲ್ಲಿ ಸುಮಾರು 8,000 ಜನರಿದ್ದೇವೆ, ಕಾಲೇಜು ಇದೆ, ಎರಡು ಬ್ಯಾಂಕ್ ಇವೆ, ಬುಧವಾರದ ಸಂತೆಗೆ ಇಪ್ಪತ್ತು ಹಳ್ಳಿಯವರು ಬರುತ್ತಾರೆ. ಆದರೂ ನಾವು ಹಳ್ಳಿಯೇ. ನಮಗಿಂತ ಚಿಕ್ಕ ಊರನ್ನು ಜನಗಣತಿಯವರು ಪಟ್ಟಣ ಎಂದಿದ್ದಾರೆ. ಇದು ಯಾವ ನ್ಯಾಯ?
– ಕಿರಾಣಿ ವ್ಯಾಪಾರಿ, ಅಫಜಲಪುರ ತಾಲ್ಲೂಕು

ಪಟ್ಟಣ ಎಂಬ ಮಾತನ್ನು ಇಬ್ಬರು ಬೇರೆ ಬೇರೆ ಅರ್ಥದಲ್ಲಿ ಬಳಸುತ್ತಾರೆ. ರಾಜ್ಯ ಸರ್ಕಾರ ಘೋಷಿಸಿದ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳು ಕಾನೂನಿನ ಪಟ್ಟಣಗಳು. 1964ರ ಪುರಸಭೆಗಳ ಅಧಿನಿಯಮದಂತೆ ಪಟ್ಟಣ ಪಂಚಾಯಿತಿಯಾಗಲು 10,000ದಿಂದ 20,000 ಜನಸಂಖ್ಯೆ ಬೇಕು, ಪ್ರತಿ ಚದರ ಕಿಲೋಮೀಟರಿಗೆ ಕನಿಷ್ಠ 400 ಜನರಿರಬೇಕು, ಉದ್ಯೋಗದಲ್ಲಿ ಕನಿಷ್ಠ ಅರ್ಧದಷ್ಟು ಕೃಷಿಯೇತರವಾಗಿರಬೇಕು. ಜನಗಣತಿಯವರದು ತಮ್ಮ ಕೋಷ್ಟಕಕ್ಕಾಗಿ ಮಾಡಿಕೊಂಡ ವಿಂಗಡಣೆ: ಕನಿಷ್ಠ 5,000 ಜನ, ಮುಖ್ಯ ದುಡಿಮೆಗಾರ (ವರ್ಷದಲ್ಲಿ ಆರು ತಿಂಗಳಾದರೂ ದುಡಿಯುವ) ಗಂಡಸರಲ್ಲಿ ನಾಲ್ಕರಲ್ಲಿ ಮೂರು ಪಾಲು ಕೃಷಿಯೇತರ ಕೆಲಸ, ಸಾಂದ್ರತೆ 400. ಹೀಗೆ ‘ಗಣತಿ ಪಟ್ಟಣ’ ಎನಿಸಿಕೊಂಡ ಊರನ್ನು ಆಳುವುದು ಗ್ರಾಮ ಪಂಚಾಯಿತಿಯೇ.

400 ಎಂಬುದು ಚಿಕ್ಕ ಅಂಕಿಯಂತೆ ಕಾಣುತ್ತದೆ, ಆದರೆ ನಮ್ಮ ಕಡೆಯ ಊರುಗಳು ಎಡವುವುದು ಅಲ್ಲಿಯೇ. ಎಕರೆ, ಗುಂಟೆಯ ಲೆಕ್ಕಕ್ಕೆ ತಂದು ನೋಡೋಣ. ಒಂದು ಚದರ ಕಿಲೋಮೀಟರ್ ಎಂದರೆ 247 ಎಕರೆ. ಅದರಲ್ಲಿ 400 ಜನರೆಂದರೆ ಒಬ್ಬರ ಪಾಲಿಗೆ ಹತ್ತಿರ ಹತ್ತಿರ 25 ಗುಂಟೆ. 2011ರಲ್ಲಿ ಇಡೀ ಕಲಬುರಗಿ ಜಿಲ್ಲೆಯ ಸಾಂದ್ರತೆ 234 ಇತ್ತು, ಅಂದರೆ ತಲೆಗೆ ಒಂದು ಎಕರೆ ಎರಡು ಗುಂಟೆ. ಬೀದರಿನದು 313, ತಲೆಗೆ 32 ಗುಂಟೆಗೆ ಸ್ವಲ್ಪ ಕಡಿಮೆ. ಈಗ ನಿಮ್ಮೂರಿನ 8,000 ಜನರಿಗೆ ಊರಿನ ಶಿವಾರ, ಅಂದರೆ ಊರಿನ ಗಡಿಯೊಳಗಿನ ನೆಲ, ಒಟ್ಟು 5,000 ಎಕರೆ ಎಂದಿಟ್ಟುಕೊಳ್ಳಿ. ಅದು 20 ಚದರ ಕಿಲೋಮೀಟರಿಗೆ ತುಸು ಹೆಚ್ಚು, ಸಾಂದ್ರತೆ 395, ಐದು ಜನರ ಕೊರತೆಯಿಂದ ಊರು ನಪಾಸು. ಪಕ್ಕದ ಊರಿನಲ್ಲಿ ಜನ 6,000, ಶಿವಾರ 2,500 ಎಕರೆ ಇದ್ದರೆ ಸಾಂದ್ರತೆ 590 ದಾಟುತ್ತದೆ, ಆ ಊರು ಪಾಸು. ನಿಮ್ಮ ಅಂಗಡಿ ಇರುವ ಬಜಾರಿನಲ್ಲಿ ಭುಜಕ್ಕೆ ಭುಜ ತಾಗಿಸಿ ಓಡಾಡುವ ಜನರನ್ನು, ಊರಾಚೆ ದೂರದ ತೊಗರಿ ಹೊಲಗಳಿಗೂ ಹಂಚಿ ಲೆಕ್ಕ ಹಾಕಿದ್ದರ ಫಲ ಇದು. ಎರೆಭೂಮಿಯಲ್ಲಿ ಶಿವಾರಗಳು ವಿಶಾಲವಾಗಿರುವುದರಿಂದ ನಮ್ಮ ದೊಡ್ಡ ಹಳ್ಳಿಗಳು ಹಳ್ಳಿಗಳಾಗಿಯೇ ಉಳಿಯುತ್ತವೆ. ವಾಡಿಯಂಥ ಊರಿನ ಮಾತೇ ಬೇರೆ. ಮುಂಬೈ–ಚೆನ್ನೈ ಮಾರ್ಗದಿಂದ ಸಿಕಂದರಾಬಾದಿನ ಕಡೆಗೆ ರೈಲುದಾರಿ ಕವಲೊಡೆಯುವ ಜಂಕ್ಷನ್, ಅದರ ಪಕ್ಕದಲ್ಲಿಯೇ ಸುಣ್ಣಕಲ್ಲು, ಸುಣ್ಣಕಲ್ಲಿನ ಮೇಲೆ ಸಿಮೆಂಟ್ ಕಾರ್ಖಾನೆ. ಅದನ್ನು ಬೆಳೆಸಿದ್ದು ಬೇಸಾಯವಲ್ಲ.

ಪಟ್ಟಣವಾಗುವುದೇ ಲಾಭವೆಂದು ತಿಳಿಯುವ ಮೊದಲು ಒಂದು ಮಾತು. ಪಟ್ಟಣ ಪಂಚಾಯಿತಿಯಾದರೆ ಬೀದಿದೀಪ, ಚರಂಡಿಗಳಿಗೆ ಬೇರೆ ಅನುದಾನ ಬರುತ್ತದೆ ನಿಜ. ಆದರೆ ಗ್ರಾಮೀಣ ಉದ್ಯೋಗ ಖಾತ್ರಿಯ ಕೂಲಿ ಕೆಲಸ ಗ್ರಾಮ ಪಂಚಾಯಿತಿಗಳ ವ್ಯಾಪ್ತಿಗೆ ಮಾತ್ರ ಇರುವುದು. ನಿಮ್ಮ ಅಂಗಡಿಯಲ್ಲಿ ಉದ್ರಿ ಬರೆಸುವವರಲ್ಲಿ ಎಷ್ಟು ಮನೆಗಳು ಬೇಸಿಗೆಯಲ್ಲಿ ಆ ಕೂಲಿಯನ್ನು ನೆಚ್ಚಿಕೊಂಡಿವೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಪ್ರಶ್ನೆ: ನಮ್ಮಜ್ಜಿಯ ಊರು ಆಳಂದ ಕಡೆ, ನಮ್ಮೂರು ಗುರುಮಠಕಲ್ ಕಡೆ. ಅಲ್ಲಿ ಒಂದು ಊರಿಂದ ಇನ್ನೊಂದು ಊರಿಗೆ ಬಹಳ ದೂರ, ಆದರೆ ಊರೊಳಗೆ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ನಮ್ಮಲ್ಲಿ ಹಾಗಿಲ್ಲ. ಇದಕ್ಕೆ ಕಾರಣವೇನು?
– ಪಿಯುಸಿ ವಿದ್ಯಾರ್ಥಿನಿ, ಯಾದಗಿರಿ ಜಿಲ್ಲೆ

ತಂಗಿ, ಈ ತಿಂಗಳ ಪತ್ರಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ನಿನ್ನದು. ಕಣ್ಣಾರೆ ಕಂಡದ್ದನ್ನು ಕೇಳಿದ್ದೀಯೆ.

ಉತ್ತರ ಕಾಲಡಿಯಲ್ಲಿದೆ. ಆಳಂದ, ಬಸವಕಲ್ಯಾಣ, ಹುಮನಾಬಾದ್ ಕಡೆಯದು ಜ್ವಾಲಾಮುಖಿಯ ಲಾವಾ ಪದರ ಪದರವಾಗಿ ಹರಿದು ಆರಿದ ಕಪ್ಪು ಶಿಲೆ, ಅದು ಸವೆದು ಆದದ್ದು ಎರೆಮಣ್ಣು. ಚಿತ್ತಾಪುರ, ಶಹಾಬಾದ್, ಸೇಡಂ ಕಡೆ ಸುಣ್ಣಕಲ್ಲಿನ ಹಾಸು. ನಿಮ್ಮ ಮನೆಯಂಗಳದ ಫರ್ಸಿ ಬಂದದ್ದು ಅಲ್ಲಿಂದಲೇ ಇರಬೇಕು. ಯಾದಗಿರಿ, ಸುರಪುರದ ಕಡೆ ಗ್ರಾನೈಟಿನ ಗುಡ್ಡಗಳು. ಯಾದಗಿರಿಯ ಕೋಟೆ ನಿಂತಿರುವುದು ಅಂಥ ಬಂಡೆಗಳ ಬೆಟ್ಟದ ಮೇಲೆ. ಅಲ್ಲಿ ಕೆಂಪು ಮಸಾರಿ ಮಣ್ಣು ಹೆಚ್ಚು.

ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಆಗಸ್ಟಿನಲ್ಲಿ ನಿಮ್ಮಜ್ಜಿಯ ಹೊಲದಲ್ಲಿ ಹತ್ತು ಹೆಜ್ಜೆ ನಡೆದರೆ ಒಂದೊಂದು ಚಪ್ಪಲಿಗೂ ಸೇರು ಮಣ್ಣು ಮೆತ್ತಿಕೊಂಡು ಕಾಲು ಎತ್ತಲಾಗುವುದಿಲ್ಲ. ಏಪ್ರಿಲಿನಲ್ಲಿ ಅದೇ ಹೊಲದ ಬಿರುಕಿನೊಳಗೆ ಕೈ ಇಳಿಬಿಟ್ಟರೆ ಮೊಣಕೈವರೆಗೂ ಹೋಗುತ್ತದೆ. ಇಂಥ ನೆಲದ ಮೇಲೆ ಗೋಡೆ ಎಬ್ಬಿಸಿದರೆ ಎರಡು ಮಳೆಗಾಲದಲ್ಲಿ ಸೀಳು ಬಿಡುತ್ತದೆ. ಆದ್ದರಿಂದ ಹಿರಿಯರು ಗಟ್ಟಿ ಮುರಂ ಇರುವ ದಿಬ್ಬವನ್ನು ಹುಡುಕಿ, ಎಲ್ಲರೂ ಅಲ್ಲಿಯೇ ಒತ್ತೊತ್ತಾಗಿ ಮನೆ ಕಟ್ಟಿಕೊಂಡರು. ಒಳ್ಳೆಯ ಹೊಲವೂ ಉಳಿಯಿತು, ಮನೆಯೂ ನಿಂತಿತು. ಸಿಹಿನೀರಿನ ಬಾವಿ ಎಲ್ಲ ಕಡೆ ಬೀಳುತ್ತಿರಲಿಲ್ಲವಾದ್ದರಿಂದ ಬಾವಿ ಇದ್ದಲ್ಲಿಯೇ ಊರು. ಇದರ ಜೊತೆಗೆ ದಂಡು, ದರೋಡೆಯ ಭಯವೂ ಇತ್ತು. ಆ ಊರುಗಳ ನಡುವೆ ಇಂದಿಗೂ ನಿಂತಿರುವ ದುಂಡನೆಯ ಹುಡೇವನ್ನೂ (ಕಾವಲು ಬುರುಜನ್ನೂ) ಕಟ್ಟಿಗೆಯ ಬಾಗಿಲಿನ ಅಗಸಿಯನ್ನೂ ನೋಡಿದರೆ, ಸಂಜೆ ಬಾಗಿಲು ಹಾಕಿದ ಮೇಲೆ ಎಲ್ಲರೂ ಒಳಗಿರಬೇಕೆಂಬುದು ಊರಿನ ನಿಯಮವಾಗಿತ್ತೆಂದು ತಿಳಿಯುತ್ತದೆ.

ನಿಮ್ಮ ಕಡೆ ಗುಡ್ಡಗಳ ನಡುವಿನ ತಗ್ಗಿಗೆ ಏರಿ ಹಾಕಿದರೆ ಕೆರೆಯಾಗುತ್ತದೆ, ಮಸಾರಿ ನೆಲದ ಮೇಲೆ ಎಲ್ಲಿಯಾದರೂ ಗೋಡೆ ನಿಲ್ಲುತ್ತದೆ. ಕೆರೆಗೊಂದು ಊರು, ಗುಡ್ಡದ ಮಗ್ಗುಲಿಗೊಂದು ತಾಂಡಾ ಎಂಬಂತೆ ಜನ ಚದುರಿ ನೆಲೆಸಲು ಸಾಧ್ಯವಾಯಿತು.

ಬೀದರ್ ನಗರವು ಇವೆರಡಕ್ಕೂ ಹೊರತು. ಅದು ಕಪ್ಪು ಶಿಲೆಯ ಮೇಲೆ ಟೊಪ್ಪಿಗೆಯಂತೆ ಕುಳಿತ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿ. ಮಳೆನೀರು ಜಂಬಿಟ್ಟಿಗೆಯ ರಂಧ್ರಗಳಲ್ಲಿ ಇಳಿದು, ಕೆಳಗಿನ ಗಟ್ಟಿ ಶಿಲೆಯ ಮೇಲೆ ನಿಲ್ಲುತ್ತದೆ. ಬಹಮನಿಗಳ ಕಾಲದಲ್ಲಿ, 15ನೇ ಶತಮಾನದಲ್ಲಿ, ನೌಬಾದಿನ ಬಳಿ ನೆಲದೊಳಗೆ ಸುಮಾರು ಮೂರು ಕಿಲೋಮೀಟರ್ ಉದ್ದಕ್ಕೆ ಸುರಂಗ ಕೊರೆದು ನೀರನ್ನು ಹರಿಸಿದ್ದು ಈ ಗುಣವನ್ನು ಅರಿತೇ. ಜನ ಅದಕ್ಕೆ ಸುರಂಗ ಬಾವಿ ಎನ್ನುತ್ತಾರೆ. ರಜೆಯಲ್ಲಿ ಹೋಗಿ ನೋಡು.

ಪ್ರಶ್ನೆ: 2011ರಲ್ಲಿ ಸಾವಿರ ಗಂಡಸರಿಗೆ ಯಾದಗಿರಿಯಲ್ಲಿ 989 ಹೆಂಗಸರು, ಬೀದರಿನಲ್ಲಿ 956. ಸಾಕ್ಷರತೆ ಮಾತ್ರ ಯಾದಗಿರಿಯಲ್ಲಿ ಶೇ 51.83, ಬೀದರಿನಲ್ಲಿ ಶೇ 70.51. ಹಿಂದುಳಿದ ಜಿಲ್ಲೆಯೇ ಹೆಣ್ಣುಮಕ್ಕಳ ವಿಷಯದಲ್ಲಿ ಮುಂದಿದೆಯೇ?
– ಓದುಗರು, ಭಾಲ್ಕಿ

ಅವಸರದ ತೀರ್ಮಾನ ಬೇಡ. ಒಟ್ಟು ಜನಸಂಖ್ಯೆಯ ಲಿಂಗಾನುಪಾತದಲ್ಲಿ ಹುಟ್ಟು, ಸಾವು, ವಲಸೆ ಮೂರೂ ಬೆರೆತಿರುತ್ತವೆ. ಗಂಡಸರು ದುಡಿಯಲು ಹೊರಗೆ ಹೋದ ಊರಿನಲ್ಲಿ ಹೆಂಗಸರ ಅನುಪಾತ ತಾನಾಗಿಯೇ ಏರುತ್ತದೆ. ಹೆಣ್ಣು ಕೂಸನ್ನು ಊರು ಹೇಗೆ ನೋಡಿಕೊಳ್ಳುತ್ತದೆಂದು ತಿಳಿಯಬೇಕಾದರೆ 0–6 ವಯಸ್ಸಿನ ಮಕ್ಕಳ ಅನುಪಾತವನ್ನು ನೋಡಬೇಕು. ಸಾಕ್ಷರತೆಯ ಲೆಕ್ಕದಲ್ಲಿ ಆ ಮಕ್ಕಳನ್ನು ಹೊರಗಿಡುತ್ತಾರೆ, ಏಳು ವರ್ಷ ಮತ್ತು ಮೇಲ್ಪಟ್ಟವರನ್ನು ಮಾತ್ರ ಎಣಿಸುತ್ತಾರೆ. ಅಂದರೆ ಯಾದಗಿರಿಯ 51.83ಕ್ಕೆ ಸಣ್ಣ ಮಕ್ಕಳು ಹೆಚ್ಚಿರುವುದು ಕಾರಣವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಪ್ರಶ್ನೆ: ನಾನು ಚಿತ್ತಾಪುರ ತಾಲ್ಲೂಕಿನ ಒಂದು ತಾಂಡಾದವನು. ದೀಪಾವಳಿ ಮುಗಿಸಿ ಪುಣೆಗೆ ಕಟ್ಟಡ ಕೆಲಸಕ್ಕೆ ಬಂದರೆ ಹೋಳಿಗೇ ತಿರುಗಿ ಊರಿಗೆ. 2027ರ ಗಣತಿಯಲ್ಲಿ ನಮ್ಮನ್ನು ಎಲ್ಲಿ ಎಣಿಸುತ್ತಾರೆ?
– ಕಟ್ಟಡ ಕಾರ್ಮಿಕ, ಪುಣೆ

ತಮ್ಮಾ, ಊರಿನ ಅಂಕಿಗೆ ಗೆರೆ ಎಷ್ಟು ಮುಖ್ಯವೋ ದಿನವೂ ಅಷ್ಟೇ ಮುಖ್ಯ. 2011ರ ಗಣತಿ ಫೆಬ್ರುವರಿ 9ರಿಂದ 28ರವರೆಗೆ ನಡೆಯಿತು, ಲೆಕ್ಕಕ್ಕೆ ಹಿಡಿದ ಕ್ಷಣ ಮಾರ್ಚ್ 1ರ ಹಿಂದಿನ ನಡುರಾತ್ರಿ. ಆ ಇಪ್ಪತ್ತು ದಿನಗಳಲ್ಲಿ ಒಮ್ಮೆಯಾದರೂ ತನ್ನ ಮನೆಯಲ್ಲಿದ್ದವನನ್ನು ಮನೆಯಲ್ಲಿ ಎಣಿಸಬೇಕು, ಇಪ್ಪತ್ತೂ ದಿನ ಹೊರಗಿದ್ದವನನ್ನು ಇದ್ದಲ್ಲಿಯೇ ಎಣಿಸಬೇಕು ಎಂಬುದು ಆಗಿನ ನಿಯಮ.

ಆ ಸಲ ನಾನು ಗಣತಿದಾರನಾಗಿದ್ದೆ. ನನ್ನ ಪಾಲಿಗೆ ಬಂದ ಒಂದು ತಾಂಡಾದ ಸಾಲಿನಲ್ಲಿ ಹನ್ನೊಂದು ಬಾಗಿಲುಗಳಿದ್ದವು. ಹಿಂದಿನ ಬೇಸಿಗೆಯ ಮನೆಪಟ್ಟಿಯ ನಂಬರು ಕೆಂಪು ಬಣ್ಣದಲ್ಲಿ ಎಲ್ಲ ಚೌಕಟ್ಟುಗಳ ಮೇಲೂ ಇತ್ತು, ಆದರೆ ಏಳು ಬಾಗಿಲುಗಳಿಗೆ ಬೀಗ. ಧೂಳು ಹೋಗಬಾರದೆಂದು ಬೀಗದ ಕಣ್ಣಿಗೆ ಬಟ್ಟೆಯ ಚೂರು ಸುತ್ತಿದ್ದರು. ಎಂಟನೆಯ ಮನೆಯ ಕಟ್ಟೆಯ ಮೇಲೆ ಮೂರು ಮೊಮ್ಮಕ್ಕಳನ್ನು ಕೂಡಿಸಿಕೊಂಡು ಕುಳಿತಿದ್ದ ಮುದುಕಿ, ‘ಎಲ್ಲಾರೂ ಪುಣೇಕ್ ಹೋಗ್ಯಾರ್ರೀ ಸರ, ಹೋಳಿಗಿ ಬರ್ತಾರ’ ಎಂದಳು. ಆ ವರ್ಷದ ಹೋಳಿ ಹುಣ್ಣಿಮೆ ಮಾರ್ಚ್ 19ಕ್ಕೆ ಬಿದ್ದಿತ್ತು. ನಿಯಮದಂತೆ ಆ ಏಳು ಮನೆಗಳನ್ನು ‘ಬೀಗ’ ಎಂದು ಬರೆದು ಬಂದೆ. ತೊಗರಿ ರಾಶಿ ಮುಗಿದು ಊರು ಖಾಲಿಯಾಗುವ ಫೆಬ್ರುವರಿಯಲ್ಲಿ ಎಣಿಸಿದ ಅಂಕಿಯೇ ಮುಂದಿನ ಹತ್ತು ವರ್ಷ ರೇಷನ್ನಿಗೂ ಅಂಗನವಾಡಿಗೂ ಆಧಾರ. ಮುಂದಿನ ಗಣತಿ ತಡವಾದ್ದರಿಂದ ಹತ್ತರ ಬದಲು ಹದಿನೈದು ವರ್ಷ ಮೀರಿದೆ.

ಈ ಸಲವೂ ಲೆಕ್ಕದ ದಿನ 2027ರ ಮಾರ್ಚ್ 1, ಹೋಳಿ ಮಾರ್ಚ್ 22ಕ್ಕೆ. ಮತ್ತದೇ ಮೂರು ವಾರದ ಅಂತರ. ತಮ್ಮ ಮಗನ ಊರೆಂದು ಮೇಲೆ ಬೀದರಿನ ಅಕ್ಕನವರು ಕೇಳಿದ ಮಿಷಿಗನ್ನಿನಲ್ಲಿ ಜನರನ್ನು ಅವರು ವರ್ಷದ ಹೆಚ್ಚು ಕಾಲ ಬಾಳುವ ಮನೆಯಲ್ಲಿ ಎಣಿಸುತ್ತಾರೆ. ಆ ಪದ್ಧತಿಯಾದರೆ ವರ್ಷದ ಏಳೆಂಟು ತಿಂಗಳು ತಾಂಡಾದಲ್ಲಿರುವ ನೀನು ತಾಂಡಾದ ಲೆಕ್ಕಕ್ಕೇ ಬರುತ್ತಿದ್ದೆ. ಇನ್ನೊಂದು ಸಂಗತಿಯೂ ಇದೆ: ಗಣತಿಗಾಗಿ ಗ್ರಾಮ, ತಾಲ್ಲೂಕುಗಳ ಗಡಿಯನ್ನು 2025ರ ಡಿಸೆಂಬರ್ 31ಕ್ಕೆ ಇದ್ದಂತೆ ಹಿಡಿಯುತ್ತಾರೆ. ನಿನ್ನ ತಾಂಡಾ ಆ ಹೊತ್ತಿಗೆ ಪ್ರತ್ಯೇಕ ಕಂದಾಯ ಗ್ರಾಮವಾಗಿತ್ತೋ ಇಲ್ಲವೋ ಎಂಬುದನ್ನು ನಾಡಕಚೇರಿಯಲ್ಲಿ ಕೇಳಿ ತಿಳಿದುಕೊ. ಆಗಿದ್ದರೆ ಅದರ ಹೆಸರಿನಲ್ಲಿ ಇದೇ ಮೊದಲ ಅಂಕಿ ಬರುತ್ತದೆ, ಅದು ಅರ್ಧ ತಾಂಡಾದ ಅಂಕಿಯಾಗಬಾರದು.

ಸಾಧ್ಯವಾದರೆ ಫೆಬ್ರುವರಿಯ ಗಣತಿಯ ದಿನಗಳಲ್ಲಿ ಮನೆಯವರೆಲ್ಲ ಒಮ್ಮೆ ಊರಿಗೆ ಬಂದು, ಗಣತಿದಾರರಿಗೆ ಸಿಕ್ಕು, ಬರೆಸಿ ಹೋಗಿ. ಬರಲಾಗದಿದ್ದರೆ ಪುಣೆಯ ಶೆಡ್ಡಿಗೆ ಬಂದವರಿಗೆ ಒಬ್ಬರನ್ನೂ ಬಿಡದೆ ಹೆಸರು ಕೊಡಿ. ಎರಡೂ ಕಡೆ ಬರೆಸಬೇಡಿ. ಹಿಂದೆ ಎಲ್ಲಿ ನೆಲೆಸಿದ್ದಿರಿ, ಏಕೆ ಬಂದಿರಿ ಎಂದು ಕೇಳುವ ಕಲಮುಗಳು 2011ರ ನಮೂನೆಯಲ್ಲಿದ್ದವು. ಅಲ್ಲಿ ‘ಕರ್ನಾಟಕ’ ಎಂದಷ್ಟೇ ಹೇಳಿ ಸುಮ್ಮನಾಗದೆ, ಜಿಲ್ಲೆಯ ಹೆಸರನ್ನೂ ತಾಂಡಾದ ಹೆಸರನ್ನೂ ಹೇಳಿ ಬರೆಸು.